ಹೆಸರು ಹೇಳಲಾಗದ ಮೀನುಗಳ ಮರುಭರ್ತಿ ಕುರಿತು

ಮನೆ ಜಲವಿಭಾಗ, ಫ್ಲಾಟ್ 34, ಬಿಷ್ಕೆಕ್
ಸುತ್ತೋಲೆ ಸಂಖ್ಯೆ: ಮಜವಿ/ಮೀನು/05/2023
ದಿನಾಂಕ: 19 ಜನವರಿ 2023, ಬೆಳಿಗ್ಗೆ 7.40

ವಿಷಯ: ಗಾಜಿನ ತೊಟ್ಟಿಯಲ್ಲಿ ತೆರವಾದ ಐದು ಸ್ಥಾನಗಳನ್ನು ಭರ್ತಿ ಮಾಡುವ ಅಥವಾ ಮಾಡದಿರುವ ಬಗ್ಗೆ.

ಉಲ್ಲೇಖ: 1. ಸೊಸೆ ಅಸಿಲ್ಕನ್ ಅವರ ದೂರವಾಣಿ ಕರೆ, ಕಳೆದ ಶನಿವಾರ.
2. ಮುಖ್ಯಸ್ಥರ ಪತ್ನಿ ಬೂರುಲ್ ಅವರ ಮೌಖಿಕ ಆಕ್ಷೇಪಣೆ, ಅಂದಿನಿಂದ ನಿರಂತರ.

ಪ್ರಸ್ತಾವನೆ: ಸದರಿ ತೊಟ್ಟಿಯ ಆರು ಪಟ್ಟೆಮೀನುಗಳಿಗೆ ವಿಭಾಗದ ಮುಖ್ಯಸ್ಥರಾದ ಮೂಕಾಶ್ (ನಿವೃತ್ತ ರಸಾಯನಶಾಸ್ತ್ರ ಶಿಕ್ಷಕರು) ತಮ್ಮ ಆರು ಮಂದಿ ದಿವಂಗತ ಅಣ್ಣಂದಿರ ಹೆಸರಿಟ್ಟಿದ್ದು ಸರಿಯಷ್ಟೆ. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದೆಂಬುದೂ ಸರಿಯಷ್ಟೆ. ಈ ಎರಡು ಸರಿಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟವರು ಯಾರೆಂಬುದನ್ನು ಈ ಸುತ್ತೋಲೆಯ ವ್ಯಾಪ್ತಿಯಿಂದ ಹೊರಗಿಡಲಾಗಿದೆ.

ಶನಿವಾರ ತೊಟ್ಟಿಯ ನೀರು ಬಿಸಿಮಾಡುವ ಕಡ್ಡಿ ಕೆಟ್ಟಾಗ ಮುಖ್ಯಸ್ಥರು ಗೆಳೆಯರೊಂದಿಗೆ ಹಬೆಸ್ನಾನದ ಮನೆಯಲ್ಲಿದ್ದರು. ಕರೆಯ ನಡಾವಳಿ ಹೀಗಿದೆ:

"ಮಾವಾ, ಮೀನೊಂದು ಮಗ್ಗುಲಾಗಿ ತೇಲ್ತಿದೆ."
"ಯಾವುದಮ್ಮಾ? ಹೆಸರು ಹೇಳು."
"ಅದೇ... ನಾರಿನ್‌ನಲ್ಲಿ ಕುದುರೆ ಕಾಯ್ತಿದ್ದೋರು. ಒಂದು ಕಿವಿ ಕೇಳಿಸ್ತಿರ್ಲಿಲ್ಲ ಅಂತಿದ್ರಲ್ಲ, ಅವರು."
"ಜುಮಾಶೋ, ಬೆಕ್ತೆನೋ?"
"ಮೊದಲು ಅಂದ್ರಲ್ಲ, ಅವರು. ಅಯ್ಯೋ, ಇನ್ನೊಬ್ಬರೂ ಒರಗಿದ್ರು ಮಾವಾ, ಬೇಗ!"
"ಇನ್ನೊಬ್ಬರು ಅಂದ್ರೆ ಯಾರು? ಸರಿಯಾಗಿ ಹೇಳಬೇಕಮ್ಮಾ."

ಐವರ ವಂಶಾವಳಿ ಮುಗಿಯುವ ವೇಳೆಗೆ ಐವರೂ ಮುಗಿದಿದ್ದರು. ಉಳಿದ ಮೀನು (ಟೊಕೋಯ್) ಕಲ್ಲಿನ ಹಿಂದೆ ಸೇರಿಕೊಂಡಿದ್ದು ಆಹಾರ ಮುಟ್ಟುತ್ತಿಲ್ಲ. ಗುಂಪಿನಲ್ಲಿ ಬಾಳುವ ಜಾತಿಯಾದ್ದರಿಂದ ಒಂಟಿಯಾಗಿ ಬಹಳ ದಿನ ಉಳಿಯದು. ಅಸಿಲ್ಕನ್ ಅವರೂ ಅಂದಿನಿಂದ ತೊಟ್ಟಿಯಿರುವ ಕೋಣೆಗೆ ಕಾಲಿಟ್ಟಿಲ್ಲ.

ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. "ತಂದು ತಂದು ಸಾಯ್ಸೋ ಬದಲು ಕರಿದು ತಿನ್ನಿ, ಹೊಟ್ಟೆನಾದ್ರೂ ತುಂಬುತ್ತೆ" ಎಂಬ ಬೂರುಲ್ ಅವರ ಆಕ್ಷೇಪಣೆಯನ್ನು ಪರಿಶೀಲಿಸಲಾಗಿ, ಮೀನೊಂದರ ತೂಕ ಕೆಲವೇ ಗ್ರಾಂ ಇರುವುದರಿಂದ ಹೊಟ್ಟೆ ತುಂಬುವ ಸಂಭವ ಕಂಡುಬಂದಿಲ್ಲ. ತಿರಸ್ಕರಿಸಲಾಗಿದೆ.

2. ಸತ್ತವರ ಹೆಸರಿನಲ್ಲಿ ಗುರುವಾರ ರೊಟ್ಟಿ ಕರಿಯುವ ಪದ್ಧತಿಯನ್ನು ಮೀನುಗಳಿಗೆ ವಿಸ್ತರಿಸುವಂತಿಲ್ಲ. ಅಣ್ಣಂದಿರಿಗೆ ಕರಿದದ್ದರಲ್ಲೇ ಅದೇ ಹೆಸರಿನವರು ಪಾಲು ಮಾಡಿಕೊಳ್ಳತಕ್ಕದ್ದು.

3. ಐದು ಮೀನು ತರಲು ಅನುಮೋದಿಸಲಾಗಿದೆ. ಅವುಗಳಿಗೆ ಬದುಕಿರುವ, ಬದುಕಿಲ್ಲದ ಅಥವಾ ಆಸ್ಪತ್ರೆಯಲ್ಲಿರುವ ಯಾವುದೇ ಹಿರಿಯರ ಹೆಸರಿಡುವಂತಿಲ್ಲ. ನಾಮಕರಣದ ಪೂರ್ಣ ಅಧಿಕಾರವನ್ನು ಅಸಿಲ್ಕನ್ ಅವರಿಗೆ ವಹಿಸಲಾಗಿದೆ. ಮುಖ್ಯಸ್ಥರು ಸಲಹೆ ನೀಡಬಾರದು; ಹುಬ್ಬನ್ನೂ ಏರಿಸಬಾರದು.

4. ಇನ್ನು ಮುಂದೆ "ಸಾಯ್ತಿದೆ" ಎಂಬ ಒಂದು ಮಾತಿಗೆ ಮುಖ್ಯಸ್ಥರು ಮೈಯ ಸೋಪು ತೊಳೆಯುವ ಮುನ್ನವೇ ಹೊರಡತಕ್ಕದ್ದು.

5. ಉಳಿದ ಮೀನನ್ನು ಹೆಸರು ಹಿಡಿದು ಕರೆಯಲು ಅಸಿಲ್ಕನ್ ಅವರಿಗೆ ಅನುಮತಿ ನೀಡಲಾಗಿದೆ. ಇದಕ್ಕೆ ದಿವಂಗತ ಟೊಕೋಯ್ ಅವರ ಒಪ್ಪಿಗೆ ಬೇಕೇ ಎಂಬ ಪ್ರಶ್ನೆ ಉದ್ಭವಿಸಿದ್ದು, ಅವರು ಬದುಕಿದ್ದಾಗಲೂ ಯಾರು ಕರೆದರೂ ಓಗೊಟ್ಟವರಲ್ಲವಾದ್ದರಿಂದ, ಒಪ್ಪಿಗೆ ಇದೆಯೆಂದೇ ಭಾವಿಸಲಾಗಿದೆ.

ಸಹಿ/-
ಮೂಕಾಶ್
ಮುಖ್ಯಸ್ಥರು ಮತ್ತು ಏಕೈಕ ಸಿಬ್ಬಂದಿ

ಪ್ರತಿಗಳು:
ಬೂರುಲ್: ಮಾಹಿತಿಗಾಗಿ, ವಾದಕ್ಕಲ್ಲ.
ಹಬೆಸ್ನಾನದ ಗೆಳೆಯರು: ನಗು ನಿಲ್ಲಿಸುವ ಸಲುವಾಗಿ.
ಅಸಿಲ್ಕನ್: ಬಾಗಿಲಿನ ಕೆಳಗಿಂದ. (ನಂತರ ಸೇರಿಸಿದ್ದು) ಸದರಿಯವರು ಓದಿ, ತೊಟ್ಟಿಯ ಕೋಣೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಮೆಲ್ಲಗೆ ಏನೋ ಕರೆದದ್ದು ಹೊರಗೆ ಕೇಳಿಸಿರುತ್ತದೆ. ಏನೆಂದು ವಿಚಾರಿಸಲಾಗಿಲ್ಲ.
ಕಡತ (ಸಂಜೆ ಸೇರಿಸಿದ್ದು): ಮೀನು ಇಂದು ತಿಂದ ಆಹಾರ, 0.02 ಗ್ರಾಂ.