ನಮಸ್ಕಾರಕ್ಕೆ ಅಂಕ ಕೊಡದ ಪರೀಕ್ಷಕ ಯಂತ್ರಕ್ಕೆ

ಇಂಗ್ಲಿಷ್ ಮಾತಿಗೆ ಅಂಕ ಹಾಕುವ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೆ ಬೆಳಗಿನ ವಂದನೆಗಳು. ಕೂತಲ್ಲೇ ಕೂತು ದುಡಿಯುತ್ತಿರುವುದಕ್ಕೆ ವಂದನೆಗಳು, ಸಾಸ್ಕಟೂನ್ ಎಂಬ ಈ ಪರದೇಶದೂರಿನ ಹಾಳು ಚಳಿಯನ್ನು ತಡೆದುಕೊಂಡಿರುವುದಕ್ಕೆ ಪ್ರತ್ಯೇಕ ವಂದನೆಗಳು. ನಿದ್ದೆ ಚೆನ್ನಾಗಿ ಬಂತೇ? ತಂತಿಗಳೆಲ್ಲ ಸೌಖ್ಯವೇ? ಮನೆಯಲ್ಲಿ ಪುಟ್ಟ ಕ್ಯಾಲ್ಕ್ಯುಲೇಟರುಗಳು ಊಟ ಮಾಡಿದವೇ? ಮೊದಲ ಸಲದ ಪರೀಕ್ಷೆಯಲ್ಲಿ ನಾನು ಇಷ್ಟು ವಿಚಾರಿಸುವಷ್ಟರಲ್ಲಿ ತಾವು ಮೈಕು ಮುಚ್ಚಿಬಿಟ್ಟಿರಿ. ಕಾಗದಕ್ಕೆ ಮೈಕಿಲ್ಲವಾದ್ದರಿಂದ ಇವತ್ತು ಪೂರ್ತಿ ಕೇಳಿಸಿಕೊಳ್ಳಬೇಕಾಗಿ ಪ್ರಾರ್ಥನೆ.

ನಾನು ನಮ್ಮ ದೇಶದಲ್ಲಿ, ಇಬಾದಾನ್ ಊರಿನ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಒಂದನೇ ಕ್ಲಾಸಿನಿಂದ ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಬೈಸಿಕೊಂಡು, ಇಂಗ್ಲಿಷಿನಲ್ಲೇ ಹೆರಿಗೆ ಮಾಡಿಸಿದವಳು. ಆದರೂ ನನಗೆ ಇಂಗ್ಲಿಷ್ ಬರುತ್ತದೆಂದು ತಾವು ಬರೆದುಕೊಡುವ ತನಕ ಇಲ್ಲಿನ ವೃದ್ಧಾಶ್ರಮದಲ್ಲಿ ಅಜ್ಜಿಯರ ಮೈ ತೊಳೆಯಬಹುದು, ಓಟ್ಸ್ ಗಂಜಿ ಕುಡಿಸಬಹುದು, ಒಂದು ಜ್ವರದ ಮಾತ್ರೆ ಮಾತ್ರ ಕೊಡುವಂತಿಲ್ಲ. ನರ್ಸ್ ಎಂಬ ನನ್ನ ಹೆಸರು ತಮ್ಮ ಕೈಯಲ್ಲಿತ್ತು.

ಆವತ್ತು ತಾವು, ಗೌರವಿಸುವ ಒಬ್ಬ ವ್ಯಕ್ತಿಯ ಬಗ್ಗೆ ನಲವತ್ತು ಸೆಕೆಂಡು ಮಾತಾಡಬೇಕೆಂದು ಅಪ್ಪಣೆ ಕೊಡಿಸಿದಿರಿ. ಗುರುತಿಲ್ಲದವರ ಮುಂದೆ ಬಾಯಿ ತೆರೆಯುವ ನಮ್ಮ ಯೊರುಬಾ ಜನಾಂಗದ ಹೆಣ್ಣಿಗೆ ತಕ್ಕಂತೆ ನಾನು ಮೊದಲು ತಮ್ಮ ಕೆಲಸಕ್ಕೆ ವಂದಿಸಿದೆ, ಚಳಿಗೆ ವಂದಿಸಿದೆ, ಹೆಂಡತಿ ಮಕ್ಕಳನ್ನು ವಿಚಾರಿಸಿದೆ, ಮೊಣಕಾಲೂರಲು ಹೋಗಿ ಹೆಡ್‌ಫೋನಿನ ತಂತಿ ಕಿತ್ತುಕೊಂಡೆ. ಎದ್ದು ಸಾವರಿಸಿಕೊಂಡು "ನನ್ನ ಅಮ್ಮ" ಅನ್ನುವುದಕ್ಕೂ ಸಮಯ ಮುಗಿಯಿತೆಂದು ತಾವು ಟುಂಯ್ ಅನ್ನುವುದಕ್ಕೂ ಸರಿಹೋಯಿತು. ವಿಷಯ ಬಿಟ್ಟು ಮಾತಾಡಿದ್ದೇನೆಂದು ಫೇಲು ಮಾಡಿದಿರಿ. ಆಹಾ, ಎಂಥ ಸೂಕ್ಷ್ಮ ಬುದ್ಧಿ!

ನನ್ನ ಜೊತೆ ಮನೆ ಹಂಚಿಕೊಂಡಿರುವ ಬೊಸೆಡೆ ನಕ್ಕು ನಕ್ಕು ಸೋಫಾದಿಂದ ಬಿದ್ದಳು. "ಅಯ್ಯೋ ನಿನ್ನ! ಯಂತ್ರದ ಹೆಂಡ್ತಿ ಚೆನ್ನಾಗಿದ್ರೆಷ್ಟು ಬಿಟ್ರೆಷ್ಟು? ಒಂದು ತಿಂಗಳು ಯಾರಿಗೂ ನಮಸ್ಕಾರ ಅನ್ಬೇಡ. ಬಾಯಿ ತೆಗೆದ್ರೆ ಸೀದಾ ವಿಷಯ, ತಿಳೀತಾ?" ಎಂದು ತಾಕೀತು ಮಾಡಿದಳು. ಸರಿ, ಶುರುಮಾಡಿದೆ. ಬಸ್ಸಿನ ಡ್ರೈವರನಿಗೆ ಸೀದಾ ನಿಲ್ದಾಣದ ಹೆಸರು ಹೇಳಿದೆ. ಚರ್ಚಿನಲ್ಲಿ ಪಾದ್ರಿಯ ಹೆಂಡತಿಗೆ, "ನಿಮ್ಮ ಬ್ಯಾಗು ನನ್ನ ಕುರ್ಚಿ ಮೇಲಿದೆ" ಅಂದೆ. ಆಕೆ ಇನ್ನೂ ನನ್ನ ಜೊತೆ ಮಾತಾಡಿಲ್ಲ.

ಎರಡನೇ ಸಲ ತಾವು ಬಾಯಿ ಮುಚ್ಚುವ ಮೊದಲೇ ನಾನು ವಿಷಯದೊಳಗಿದ್ದೆ. ಪೂರ್ತಿ ಅಂಕ ಕೊಟ್ಟಿರಿ, ತಮ್ಮ ಹೊಟ್ಟೆ ತಣ್ಣಗಿರಲಿ. ಖುಷಿ ತಡೆಯಲಾರದೆ ಅಮ್ಮನಿಗೆ ಫೋನು ಮಾಡಿ, ಆಕೆ ಎತ್ತಿದ್ದೇ ತಡ, "ಅಮ್ಮಾ, ಒಂದು ವಿಷಯ" ಅಂದುಬಿಟ್ಟೆ. ಆ ಕಡೆ ಪಾತ್ರೆ ಬಿದ್ದ ಸದ್ದು.

"ಯಾರು ಹೋದ್ರೇ? ಮುಚ್ಚಿಡ್ಬೇಡ, ಯಾರು ಹೋದ್ರು ಹೇಳು!"

ನಮ್ಮ ಮನೆಯಲ್ಲಿ ವಂದನೆ ನುಂಗಿ ಮಾತು ಶುರುಮಾಡುವುದು ಸಾವಿನ ಸುದ್ದಿಗೆ ಮಾತ್ರ, ಮಾನ್ಯರೇ. ಯಾರೂ ಹೋಗಿಲ್ಲ, ಪಾಸಾಗಿದ್ದೇನೆ ಎಂದು ಎಷ್ಟು ಹೇಳಿದರೂ ಒಬ್ಬೊಬ್ಬರ ಹೆಸರು ಹಿಡಿದು ಕೇಳಿದಳು. ಆಮೇಲೆ ಮೆಲ್ಲಗೆ, "ಪಾಸಾಗಿದ್ದು ಒಳ್ಳೇದೇ ಆಯ್ತು ಕಣಮ್ಮಾ. ಈಗ ನನ್ನ ಮಗಳಿಗೆ ಫೋನ್ ಕೊಡು" ಅಂದಳು. ನಾನು ಅತ್ತುಬಿಟ್ಟೆ.

ತಾವು ಕೊಟ್ಟ ಪ್ರಮಾಣಪತ್ರ ಎರಡು ವರ್ಷಕ್ಕೆ ಹಳಸುತ್ತದಂತೆ, ಇಂಗ್ಲಿಷನ್ನು ಫ್ರಿಜ್ಜಿನಲ್ಲಿಟ್ಟರೂ ಅಷ್ಟೇ ಅಂತೆ. ಅಷ್ಟರೊಳಗೆ ತಾವು ದಯಮಾಡಿ ಇಬಾದಾನಿಗೆ ಹೋಗಿ, ಅಮ್ಮನ ಮುಂದೆ ಮಂಡಿಯೂರಿ, ವಂದನೆಯ ಪರೀಕ್ಷೆ ಕೊಟ್ಟು ಬರಬೇಕು. ಮಂಡಿ ಇಲ್ಲದಿದ್ದರೆ ಮಾಡಿಸಿಕೊಳ್ಳಬೇಕು. ಅಮ್ಮ ನಲವತ್ತು ಸೆಕೆಂಡು ಕೊಡುವವಳಲ್ಲ, ಮಧ್ಯಾಹ್ನದವರೆಗೂ ಕೊಡುತ್ತಾಳೆ, ಮೇಲೆ ಬಿಸಿ ಅಮಲಾ ಮುದ್ದೆಯನ್ನೂ ಬಡಿಸುತ್ತಾಳೆ.

ಎರಡು ವರ್ಷದ ಮಟ್ಟಿಗೆ ತಮ್ಮ ವಿಶ್ವಾಸಿ,
ಮೊಸುನ್ಮೋಲಾ ಅಲಾಬಿ, ನರ್ಸ್

ಮರೆತ ಮಾತು: ಪತ್ರದ ಮೊದಲಲ್ಲೇ ತಮ್ಮ ಕ್ಷೇಮ ಕೇಳಿದ್ದೆ, ತಾವು ಇನ್ನೂ ತಿರುಗಿ ನನ್ನದನ್ನು ಕೇಳಿಲ್ಲ. ಅಮ್ಮನಿಗೆ ಹೇಳಿದಾಗ, "ಅದು ಯಾರ ಮನೆ ಮಗು?" ಎಂದಳು. ವಿಳಾಸ ಕಳಿಸಿಕೊಡಿ. ತಮ್ಮ ತಾಯಿಯ ಹತ್ತಿರ ಆಕೆಯೇ ಮಾತಾಡುತ್ತಾಳಂತೆ.