ಆಷಾಢದಲ್ಲಿ ಅರ್ಜಿ ಹಾಕಬಾರದು

ನಮ್ಮ ಮನೆತನದ ಮೇಲೆ ಪಂಚಾಂಗಕ್ಕೆ ಏನೋ ಹಳೆಯ ಸಿಟ್ಟಿದೆ. ಮನೆ ಹಿಡಿಯಲು ಹೊರಟರೆ ಅಮಾವಾಸ್ಯೆ, ಸ್ಕೂಟರ್ ತರಲು ಹೊರಟರೆ ಗ್ರಹಣ. ಧಾರವಾಡ ಬಿಟ್ಟು ಪುಣೆಗೆ ಬಂದರೂ ಅದು ಬೆನ್ನು ಬಿಡಲಿಲ್ಲ. ನಮಗಿಂತ ಮೊದಲೇ ಬಂದು, ಮರಾಠಿ ಕ್ಯಾಲೆಂಡರಿನ ವೇಷ ಹಾಕಿಕೊಂಡು, ಗೋಡೆಗೆ ಜೋತುಬಿದ್ದು ಕಾಯುತ್ತಿತ್ತು. ಇಂಥ ಪ್ರಸಂಗ ಹೇಳುತ್ತ ಕೂತರೆ ಮುಗಿಯುವುದಿಲ್ಲ. ಅದರಲ್ಲಿ ಅಣ್ಣನ ಮಗಳು ದನದ ಡಾಕ್ಟರಾಗಲು ಹೊರಟದ್ದೊಂದನ್ನು ಮಾತ್ರ ನಗದೇ ಹೇಳಲಾರೆ, ಪೂರ್ತಿ ನಗುತ್ತಲೂ ಹೇಳಲಾರೆ.

ತೊಂಬತ್ತರ ದಶಕದ ನಡುವಿನ ಮಾತು. ಸ್ವಾರಗೇಟದ ಹತ್ತಿರದ ಮನೆಯಲ್ಲಿ ನಮ್ಮವ್ವ, ಅಣ್ಣ, ವೈನಿ, ಅವರ ಒಬ್ಬಳೇ ಮಗಳು, ಮತ್ತು ಮದುವೆಯಾಗದೆ ಉಳಿದು ಪುಣೆಯ ಕನ್ಯೆಯರಿಗೆಲ್ಲ ಅನ್ಯಾಯ ಮಾಡಿದ ನಾನು. ಅಣ್ಣ ವಿಮಾ ಆಫೀಸಿನಲ್ಲಿ ಕ್ಲರ್ಕು. ನನ್ನದು ಹಡಪಸರದಲ್ಲಿ ಹಿಂಡಿ-ಭೂಸಾದ ಅಂಗಡಿ. ಆ ಕಡೆಯ ಯಾವ ಎಮ್ಮೆಯೇ ಆಗಲಿ, ನಾನು ಬಂದರೆ ಗೌರವದಿಂದ ಎದ್ದು ನಿಲ್ಲುತ್ತಿತ್ತು. ನನ್ನ ಹೆಗಲ ಮೇಲೆ ಹಿಂಡಿಯ ಚೀಲ ಇರುತ್ತಿತ್ತು ಅನ್ನುವುದು ಬೇರೆ ಮಾತು.

ಲಗ್ನದ ಪ್ರಶ್ನೆ

ಹನ್ನೆರಡನೆಯ ಇಯತ್ತೆ ಓದುತ್ತಿದ್ದ ಹುಡುಗಿ ಒಂದು ದಿನ ಊಟಕ್ಕೆ ಕೂತಾಗ ತಾನು ದನದ ಡಾಕ್ಟರಾಗುವೆನೆಂದಳು. ಅಣ್ಣನ ಕೈಯಲ್ಲಿಯ ರೊಟ್ಟಿ ಅಲ್ಲೇ ನಿಂತಿತು. ಮಗಳು ಮನುಷ್ಯರ ಡಾಕ್ಟರಾಗುತ್ತಾಳೆಂದು ಆಫೀಸಿನಲ್ಲಿ ಆಗಲೇ ಹೇಳಿಕೊಂಡಿದ್ದನಂತೆ. ಮನುಷ್ಯರು ಡಾಕ್ಟರ ಮುಂದೆ ಸುಳ್ಳು ಹೇಳುತ್ತಾರೆ, ಎಮ್ಮೆ ಹೇಳುವುದಿಲ್ಲ ಎಂದು ಅವಳು ವಾದಿಸಿದಳು. ಅಣ್ಣ ಸೋಲುವ ಹಾಗೆ ಕಂಡಾಗ ಕೊನೆಯ ಬಾಣ ಬಿಟ್ಟ.

"ದನದ ಡಾಕ್ಟರ್ ಆದಾಕೀನ್ನ ಯಾರು ಲಗ್ನಾ ಮಾಡ್ಕೋತಾರ?"

"ದನಾ ಇದ್ದವರು," ಅಂದೆ ನಾನು.

ಆ ವಾರ ನನ್ನ ಅನ್ನದ ಮೇಲೆ ತುಪ್ಪ ಬೀಳಲಿಲ್ಲ.

ಅವ್ವ ಮಾತ್ರ ವಿರೋಧ ಮಾಡಲಿಲ್ಲ. ಮಡಿಯ ಹೆಂಗಸು, ಕಾನೂನು ಅಷ್ಟೇ ಹೇಳಿದಳು. ಆಕಳನ್ನು ಮುಟ್ಟಿ ಬಂದರೆ ಪುಣ್ಯ, ನಾಯಿ ಮುಟ್ಟಿ ಬಂದರೆ ಸ್ನಾನ. ಎಮ್ಮೆಯಾದರೆ ಕಾಲು ತೊಳೆದುಕೊಂಡರೆ ಸಾಕು.

ದೇಹೂ ರೋಡಿನ ರೋಗಿ

ಮಾರ್ಕು ಯಾರಾದರೂ ತೆಗೆಯುತ್ತಾರೆ, ಅನುಭವ ಬೇಕು ಎಂದು ನಾನೇ ತಲೆ ಓಡಿಸಿದೆ. ನಮ್ಮ ಗಿರಾಕಿಗಳ ಗೋಠೆಗಳಿಗೆ, ಅಂದರೆ ಎಮ್ಮೆಯ ಕೊಟ್ಟಿಗೆಗಳಿಗೆ, ಬರುವ ದನದ ಡಾಕ್ಟರೊಬ್ಬರಿದ್ದರು. ಮರಾಠಿ ಮನುಷ್ಯ, ಮಾತು ಕಡಿಮೆ. ರವಿವಾರ ರವಿವಾರ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋಗಲು ಒಪ್ಪಿದರು. ಕಾವಲಿಗೆ ನಾನು.

ಮೊದಲ ರವಿವಾರ ದೇಹೂ ರೋಡಿನಲ್ಲಿ, ನಿವೃತ್ತ ಸುಭೇದಾರರ ಮನೆಯಲ್ಲಿ ನಾಯಿಗೆ ಸೂಜಿ ಹಾಕಬೇಕಿತ್ತು. ನಾಯಿ ಅಂದರೆ ಸಣ್ಣ ಕುದುರೆ. ದಾರಿಯುದ್ದಕ್ಕೂ ನಾನು ಹುಡುಗಿಗೆ ಪಾಠ ಮಾಡಿದ್ದೆ: ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ನಾನು ನೋಡಿದರೆ ಹುಲಿ ಕೂಡ ಕೂತುಬಿಡುತ್ತದೆ. ನೋಡಿದೆ. ಅದೂ ನೋಡಿತು. ಮುಂದೆ ಏನಾಯಿತೋ, ಸುಭೇದಾರರ ದೊಡ್ಡ ಕಬ್ಬಿಣದ ಟ್ರಂಕಿನ ಮೇಲೆ ಮಡಚಿಟ್ಟ ಗಾದಿಗಳಿದ್ದವು, ಅವುಗಳ ಮೇಲೆ ನಾನಿದ್ದೆ.

ಹುಡುಗಿ ಮಾತ್ರ ನೆಲಕ್ಕೆ ಕೂತು, ಎತ್ತಲೋ ನೋಡುತ್ತ, ಕೈ ಚಾಚಿದಳು. ನಾಯಿ ಮೂಸಿ ನೋಡಿ ಅವಳ ತೊಡೆಯ ಮೇಲೆ ತಲೆಯಿಟ್ಟಿತು. ಡಾಕ್ಟರು ಸೂಜಿ ತುಂಬಿಕೊಂಡು ಒಳಗೆ ಬಂದವರು ಮೊದಲು ನಾಯಿಯನ್ನು ನೋಡಿದರು, ಆಮೇಲೆ ನನ್ನನ್ನು. ಅವರ ಪ್ರಶ್ನೆ ಒಂದೇ: ರೋಗಿ ಯಾರು?

ಮನೆಗೆ ಬಂದ ಮೇಲೆ ಹುಡುಗಿಗೆ ಸ್ನಾನವಾಯಿತು. ನಾಯಿಯನ್ನು ಮುಟ್ಟದ ನನಗೂ ಆಯಿತು. ನಾಯಿ ನಿನ್ನನ್ನ ಮುಟ್ಟಿತೋ ಇಲ್ಲೋ ಅಂತ ಅವ್ವ ಕೇಳಿದಾಗ ನನ್ನ ಪ್ಯಾಂಟಿನ ಹಿಂಭಾಗ ಸಾಕ್ಷಿ ಹೇಳಿತ್ತು.

ಹೂಂ ಅನ್ನುವವರ ಸಾಲು

ವರ್ಷವಿಡೀ ಅವಳ ಒಂದು ರವಿವಾರವೂ ತಪ್ಪಲಿಲ್ಲ. ಪರೀಕ್ಷೆಯೂ ಚೆನ್ನಾಗಿ ಆಯಿತು. ಡಾಕ್ಟರು ಈ ಮಾರ್ಕಿಗೆ ಸೀಟು ಸಿಕ್ಕೇ ಸಿಗುತ್ತದೆ ಅಂದರು. ಸ್ವಾರಗೇಟದಿಂದ ಬಸ್ಸು ಹಿಡಿದರೆ ಹೋಗಿ ಬರುವಷ್ಟು ದೂರದಲ್ಲೇ ಕಾಲೇಜು. ಅರ್ಜಿ ತಂದದ್ದೂ ಆಯಿತು. ತಂದ ದಿನ ಆಷಾಢದ ಪಾಡ್ಯ.

ಅವ್ವ ಕೂತಲ್ಲಿಂದಲೇ ಅಂದಳು, "ಆಷಾಢದಾಗ ಹೊಸಾ ಕೆಲಸಕ್ಕ ಕೈ ಹಚ್ಚಬಾರದು. ಶ್ರಾವಣಾ ಬರಲಿ."

ಕೊನೆಯ ತಾರೀಖು ಆಷಾಢದ ಒಳಗೇ ಇತ್ತು. ಅರ್ಜಿಗೆ ಅಪ್ಪನ ಸಹಿ ಬೇಕು, ಅಪ್ಪನಿಗೆ ಅವನ ಅವ್ವನ ಹೂಂ ಬೇಕು. ಮಧ್ಯಸ್ಥಿಕೆಗೆ ನನ್ನಂಥ ವಾಗ್ಮಿ ಇರುವಾಗ ಹೆದರಿಕೆ ಏತಕ್ಕೆ? ನಾನು ಅವ್ವನ ಮುಂದೆ ಕೂತು, ಇಡೀ ಮಹಾರಾಷ್ಟ್ರ ಆಷಾಢದಲ್ಲೇ ಪಂಢರಪುರಕ್ಕೆ ನಡೆಯುವುದಿಲ್ಲವೇ, ಸಾಕ್ಷಾತ್ ವಿಠೋಬನಿಗೇ ಆಷಾಢ ನಡೆಯುತ್ತದೆ ಎಂದು ಪಟ್ಟು ಹಾಕಿದೆ.

"ಅವರು ಮನಿ ಬಿಟ್ಟಿದ್ದು ಜ್ಯೇಷ್ಠದಾಗ," ಅಂದಳು ಅವ್ವ.

ನಿಜ. ಪಂಢರಪುರಕ್ಕೆ ಹೊರಟ ಪಾಲಖಿ ನಮ್ಮ ಅಂಗಡಿಯ ಮುಂದೆಯೇ ಜ್ಯೇಷ್ಠದಲ್ಲಿ ದಾಟಿ ಹೋಗಿತ್ತು. ನಾನೇ ನಿಂತು ಕೈ ಮುಗಿದಿದ್ದೆ.

ಗಿಣ್ಣ

ಅದೇ ಆಷಾಢದಲ್ಲಿ ಹಡಪಸರದ ಗೋಠೆಯಲ್ಲಿ ಒಂದು ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಕರುವಿನ ಒಂದೇ ಕಾಲು ಹೊರಗೆ ಕಾಣುತ್ತಿತ್ತು, ಇನ್ನೊಂದು ಒಳಗೇ ಮಡಚಿಕೊಂಡಿತ್ತು. ಡಾಕ್ಟರು ಬರುವುದು ತಡವಾಗಿತ್ತು. ಮಳೆಯಲ್ಲಿ ಅವರ ಸ್ಕೂಟರ್ ಕೆಟ್ಟು ನಿಂತಿತ್ತಂತೆ. ಹುಡುಗಿ ಭುಜದವರೆಗೆ ಸಬಕಾರ ಹಚ್ಚಿ ತೊಳೆದುಕೊಂಡಳು. ನಾನು ಅತ್ಯಂತ ಕಠಿಣವಾದ ಕೆಲಸ ವಹಿಸಿಕೊಂಡೆ: ಬಾಲ ಹಿಡಿಯುವುದು. ಎಮ್ಮೆ ನನಗೆ ತನ್ನ ಕೃತಜ್ಞತೆಯನ್ನು ಮುಖದಿಂದ ಮೊಣಕಾಲಿನವರೆಗೆ ಅರ್ಪಿಸಿತು. ಹುಡುಗಿ ಕಣ್ಣು ಮುಚ್ಚಿಕೊಂಡು, ಒಳಗೆ ಕೈಯಿಂದಲೇ ನೋಡುತ್ತ, ಮಡಚಿದ ಕಾಲನ್ನು ಮೆಲ್ಲಗೆ ಬಿಡಿಸಿದಳು. ಕರು ಜಾರಿ ನನ್ನ ಪಾದದ ಮೇಲೆ ಬಿತ್ತು. ಎಷ್ಟೋ ವರ್ಷ ನಾನು ಊರತುಂಬ ಆ ಕರುವನ್ನು ನಾನೇ ಹಿಡಿದೆನೆಂದು ಹೇಳಿಕೊಂಡೆ. ಸುಳ್ಳಲ್ಲ, ಪಾದದಿಂದ ಹಿಡಿದೆ.

ಡಾಕ್ಟರು ಬಂದು ತಾಯಿ-ಕರು ಎರಡನ್ನೂ ನೋಡಿ, ಹುಡುಗಿಗೆ ತಮ್ಮ ಟವೆಲ್ಲು ಕೊಟ್ಟರು.

ಗೌಳಿ ಗಿಣ್ಣದ ಹಾಲು ಕೊಟ್ಟು ಕಳಿಸಿದ. ವೈನಿ ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಮಾಡಿದಳು. ಅವ್ವ ಎರಡನೆಯ ಸಲ ಹಾಕಿಸಿಕೊಳ್ಳುವಾಗ ಸರಿಯಾದ ಹೊತ್ತು ನೋಡಿ ಕೇಳಿದೆ:

"ಅವ್ವಾ, ಆಷಾಢದಾಗ ಎಮ್ಮಿ ಈಯೂದು ನಡೀತದ. ಈಸಿದಾಕಿ ಅರ್ಜಿ ಹಾಕೂದು ನಡಿಯೂದಿಲ್ಲೇನು?"

ಅವ್ವ ಬೆರಳು ನೆಕ್ಕಿದಳು. "ಎಮ್ಮಿ ನನ್ನ ಕೇಳಿ ಈದದೇನ?"

ತೆಂಗಿನಕಾಯಿ

ಸರಕಾರದ ಕೊನೆಯ ತಾರೀಖು ಯಾವಾಗಲೂ ಮುಂದೆ ಹೋಗುತ್ತದೆ ಅನ್ನುವುದು ಅಣ್ಣನ ಅಚಲ ನಂಬಿಕೆ. ಶ್ರಾವಣದ ಮೊದಲ ಸೋಮವಾರ ಹುಡುಗಿಗೆ ಮೊಸರು-ಸಕ್ಕರೆ ತಿನ್ನಿಸಿ, ಕುಂಕುಮ ಹಚ್ಚಿ, ಮನೆಮಂದಿಯೆಲ್ಲ ಸ್ವಾರಗೇಟಿನಲ್ಲಿ ಬಸ್ಸು ಹತ್ತಿದೆವು. ಅವ್ವನ ಮಡಿಲಲ್ಲಿ ತೆಂಗಿನಕಾಯಿ.

ಕಾಲೇಜಿನ ಖಿಡಕಿಯಲ್ಲಿದ್ದವನು ಅರ್ಜಿ ತಗೊಳ್ಳುವುದು ಯಾವಾಗಲೋ ಮುಗಿಯಿತು, ಸೀಟು ಹಂಚಿದ್ದೂ ಆಯಿತು ಎಂದ. ರೇಷ್ಮೆ ಸೀರೆ, ಕುಂಕುಮ, ಕಾಯಿ ನೋಡಿ, ಪಾಪ, ಪೂಜೆ ಎಲ್ಲಿದೆ ಎಂದು ಕೇಳಿದ.

ತಿರುಗಿ ಬರುವಾಗ ಹುಡುಗಿ ಅಲ್ಲಿಯ ದನದ ಕೊಟ್ಟಿಗೆಯ ಬೇಲಿಯ ಹತ್ತಿರ ನಿಂತಳು. ಒಂದು ಹೋರಿ ಬಂದು ಅವಳ ಕೈ ನೆಕ್ಕಿತು. "ಇದಕ್ಕರೆ ನನ್ನ ಗುರುತು ಹತ್ತಿತು, ಕಾಕಾ," ಅಂದಳು.

ತಂದ ಕಾಯಿ ಹಾಗೇ ಇಡಬಾರದೆಂದು ಅವ್ವ ಮನೆಗೆ ಬಂದು ಒಡೆದಳು. ಕಾಯಿ ಕೊಳೆತಿತ್ತು.

"ನೋಡ್ರಿ," ಅಂದಳು ಅವ್ವ ಸಮಾಧಾನದಿಂದ, "ಛಲೋ ಆತು, ಅರ್ಜಿ ಹಾಕಲಿಲ್ಲ."

ಮುಂದಿನ ವರ್ಷ

ಹುಡುಗಿ ಬಿ.ಎಸ್ಸಿಗೆ ಸೇರಿದಳು, ಆದರೆ ರವಿವಾರ ಬಿಡಲಿಲ್ಲ. ಬರುವ ವರ್ಷ ಜ್ಯೇಷ್ಠದಲ್ಲೇ ಸಹಿ ಹಾಕಿಸಿ ತಯಾರಿರಬೇಕೆಂದು ನಾನೂ ಅವಳೂ ಸಂಚು ಮಾಡಿದೆವು. ಹೊಸ ಕ್ಯಾಲೆಂಡರು ಬಂದ ದಿನ ಅವಳೇ ಪುಟ ತಿರುವಿದಳು. ಆಷಾಢ ಬಂತು. ಅದರ ಮುಂದೆ ಮತ್ತೆ ಆಷಾಢ ಬಂತು.

ಅಧಿಕ ಮಾಸ! ನಮ್ಮ ಮನೆಗಾಗಿಯೇ ಪಂಚಾಂಗ ಒಂದು ಆಷಾಢ ಹೆಚ್ಚಿಗೆ ಮಾಡಿಸಿ ತಂದಿತ್ತು. ಕಾಲೇಜು ಅರ್ಜಿ ಹಂಚುವುದರಿಂದ ಹಿಡಿದು ಕೊನೆಯ ತಾರೀಖಿನವರೆಗೆ ಎಲ್ಲ ಅವೆರಡರ ಹೊಟ್ಟೆಯಲ್ಲೇ. ನಾನು ಓಡಿಹೋಗಿ ಮಠದ ಆಚಾರ್ಯರನ್ನು ಕೇಳಿದೆ. ಅಧಿಕದಲ್ಲಿ ಹೊಸ ಕೆಲಸ ಕೂಡದು ಅಂದರು. ಎರಡನೆಯದರಲ್ಲಿ? ಅದಕ್ಕೆ ನಿಜ ಆಷಾಢ ಅಂತಾರ್ರಿ, ಅಂದರು, ನಿಜ ಅಂದ ಮ್ಯಾಲೆ ಮುಗೀತಲ್ಲ.

ಮನೆಗೆ ಬಂದು ಹುಡುಗಿಗೆ ಇದನ್ನು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

ಬಾಗಿಲಿಗೆ ಬಂದ ಆಕಳು

ಈಗ ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಬೋರ್ಡಿನ ಮೇಲೆ ಆಕಳ ಹೊಟ್ಟೆಯ ನಾಲ್ಕೂ ಭಾಗ ಬರೆದರೆ ಮಕ್ಕಳಿಗೆ ಹುಲ್ಲಿನ ವಾಸನೆ ಬರುತ್ತದಂತೆ. ಹಡಪಸರದ ಆ ಗೋಠೆಯ ಜಾಗದಲ್ಲಿ ಗಾಜಿನ ಆಫೀಸು ಎದ್ದಿದೆ. ನನ್ನ ಹಿಂಡಿಯನ್ನು ಕೇಳುವವರಿಲ್ಲ. ಒಳಗಿರುವವರು ಕಂಪ್ಯೂಟರು ಮೇಯಿಸುತ್ತಾರೆ.

ಅವ್ವ ಎಂಬತ್ತು ದಾಟಿದ ಮೇಲಿನ ಮಾತು. ಪುಣೆಯಲ್ಲಿ ಹೆಂಗಸರು ಆಕಳು, ಹುಲ್ಲು ಎರಡನ್ನೂ ಹಿಡಿದುಕೊಂಡು, ಕಾಸು ಕೊಟ್ಟವರ ಕೈಯಿಂದ ಹುಲ್ಲು ತಿನ್ನಿಸುತ್ತ, ಓಣಿ ಓಣಿ ತಿರುಗುತ್ತಾರಲ್ಲ, ಹಾಗೆ ಬಾಗಿಲಿಗೆ ಬಂದ ಆಕಳು ಕುಂಟುತ್ತಿತ್ತು. ತವರಿಗೆ ಬಂದಿದ್ದ ಹುಡುಗಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಕೂತು, ಗೊರಸು ಎತ್ತಿ, ಒಳಗೆ ನಟ್ಟಿದ್ದ ತಂತಿಯ ತುಣುಕನ್ನು ಕಿತ್ತಳು. ಆಕಳು ನೆಟ್ಟಗೆ ನಡೆದುಹೋಯಿತು. ಅವ್ವ ಖುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದಳು.

"ಎಂಥಾ ಕೈ ಗುಣಾ ಹುಡಗೀದು," ಅಂದಳು. "ಅಕೀನ್ನ ದನದ ಡಾಕ್ಟರ್ ಯಾಕ ಮಾಡಲಿಲ್ಲ ನೀವು?"

ಅಣ್ಣ ಗೋಡೆ ನೋಡಿದ. ಹುಡುಗಿ ಕೈ ತೊಳೆಯಲು ಒಳಗೆ ಹೋದಳು. ಉತ್ತರ ಕೊಡುವ ಶೌರ್ಯ ನನಗೇ ಬಂತು.

"ಅವ್ವಾ, ನೀನ ಅಲ್ಲ ಬ್ಯಾಡ ಅಂದಿದ್ದು? ಆಷಾಢ ಅಂತ."

ಅವ್ವ ಆಕಳು ಹೋದ ಓಣಿಯ ಕಡೆ ನೋಡಿದಳು.

"ನೀವು ಕೇಳಿದ್ರಿ, ನಾ ಹೇಳಿದೆ," ಅಂದಳು. "ಆ ಗಿಣ್ಣದ ಎಮ್ಮಿ ಬಂದು ಕೇಳಿದ್ರೂ ಶ್ರಾವಣಾ ಬರಲಿ ಅಂತನ ಹೇಳತಿದ್ದೆ. ಅದು ಶಾಣ್ಯಾ ಇತ್ತು. ಕೇಳಲಿಲ್ಲ."