ಏಳೆಂಟ್ಲ ಐವತ್ತಾರರ ಅಭಿನಯ

ಪರೀಕ್ಷೆ ಯಾವಾಗಲೂ ಒಂದೇ ಥರ ಇದ್ದರೆ ಮಕ್ಕಳಿಗೆ ಏನು ಗೊತ್ತಿದೆ ಎಂಬುದು ಬಯಲಾಗುವ ಅಪಾಯವಿದೆ. ಇದನ್ನು ಮನಗಂಡ ಶಿಕ್ಷಣ ಇಲಾಖೆಯು ಎಲ್ಲ ಶಾಲೆಗಳಲ್ಲೂ ವಿವಿಧ ಮಾದರಿಯ ಪರೀಕ್ಷೆಗಳನ್ನು ಕಡ್ಡಾಯಗೊಳಿಸಿ, ಅದರ ಉಸ್ತುವಾರಿಗೆ ಒಬ್ಬ ವೈವಿಧ್ಯಾಧಿಕಾರಿಯನ್ನು ನೇಮಿಸಿತು.

ಅಧಿಕಾರಿಗಳು ಮೊದಲು ಪಾದ ಬೆಳೆಸಿದ್ದು ನಮ್ಮ ಶಾಲೆಗೆ. ಇಲ್ಲಿ ಗಣಿತ ಹೇಳಿಕೊಡುವವರನ್ನು ಊರೆಲ್ಲ ಮಗ್ಗಿ ಮೇಷ್ಟ್ರು ಅನ್ನುತ್ತಿತ್ತು. ಅವರ ಪರೀಕ್ಷೆಯಲ್ಲಿ ಯಾವ ಸೊಗಸೂ ಇರಲಿಲ್ಲ. ಲೆಕ್ಕ ಕೊಡುತ್ತಿದ್ದರು, ಮಕ್ಕಳು ಮಾಡುತ್ತಿದ್ದರು. ಸರಿ ಇದ್ದರೆ ಸರಿ, ತಪ್ಪಿದ್ದರೆ ತಪ್ಪು. ಇದನ್ನು ಕೇಳಿ ಅಧಿಕಾರಿಗಳು ಮರುಗಿದರು.

"ಅಲ್ಲ ಮೇಷ್ಟ್ರೇ, ತಪ್ಪು ಉತ್ತರ ಬರೆದ ಮಗುವಿನ ಗತಿ?"

"ತಿದ್ದಿ ಮತ್ತೆ ಹೇಳಿಕೊಡ್ತೀನಿ ಸಾರ್."

"ನೋಡಿ, ಮಾದರಿ ಬದಲಾಯಿಸೋದು ಬಿಟ್ಟು ಮಗೂನೇ ಬದಲಾಯಿಸ್ತಿದೀರಿ!"

ಅಂದಿನಿಂದ ಏಳರ ಮಗ್ಗಿಗೆ ಬರಹ, ಮೌಖಿಕ, ಜೇಡಿಮಣ್ಣು ಮತ್ತು ಅಭಿನಯ ಎಂಬ ಮಾದರಿಗಳು ಜಾರಿಗೆ ಬಂದವು. ಯಾವುದೇ ಒಂದು ಮಾದರಿಯಲ್ಲಿ ಉತ್ತರ ಗೊತ್ತಿದ್ದ ಮಾತ್ರಕ್ಕೆ ಅದನ್ನು ಗೊತ್ತಿರುವಿಕೆ ಎಂದು ಪರಿಗಣಿಸತಕ್ಕದ್ದಲ್ಲ ಎಂದು ಹೆಡ್‌ಮೇಡಂ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಓದಿ ಹೇಳಿದರು. ಮಕ್ಕಳು ರೂಢಿಯಂತೆ ಕೈ ಮುಗಿದರು.

ತರಗತಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರ ಮಗಳಿದ್ದಳು. ಮಗ್ಗಿಯನ್ನು ಅರಳು ಹುರಿದಂತೆ ಒಪ್ಪಿಸುತ್ತಿದ್ದ ಅವಳಿಗೆ ಪಟಪಟಿ ಎಂದೇ ಹೆಸರು ಬಿದ್ದಿತ್ತು. ಅವಳು ಏಳೆಂಟ್ಲ ಐವತ್ತಾರು ಎಂದು ಬರೆದಳು. ಕೇಳಿದಾಗ ಹೇಳಿದಳು. ಜೇಡಿಮಣ್ಣು ಕೊಟ್ಟರೆ ಐವತ್ತಾರು ಉಂಡೆ ಕಟ್ಟಿಟ್ಟಳು. "ಎಲ್ಲಾ ಒಂದೇ ಥರ ಇದೆ, ವೈವಿಧ್ಯ ಇಲ್ಲ" ಎಂದು ಅಲ್ಲಿ ಅರ್ಧ ಅಂಕ ಹೋಯಿತು. ಉಳಿದದ್ದು ಅಭಿನಯ.

ಅಭಿನಯದಲ್ಲಿ ಅವಳಿಗೆ ಎಂಟರ ಪಾತ್ರ. ವೇದಿಕೆಗೆ ನಡೆದು ಬಂದು ಏಳಾಗಿದ್ದ ಹುಡುಗನ ಪಕ್ಕ ನಿಂತು, "ಐವತ್ತಾರು" ಎಂದು ಹೇಳಿ ಇಳಿದುಹೋದಳು.

"ಮುಖದಲ್ಲಿ ಸಂತೋಷವೇ ಕಾಣ್ಲಿಲ್ಲ" ಎಂದರು ಅಧಿಕಾರಿಗಳು.

"ಗುಣಾಕಾರಕ್ಕೆ ಸಂತೋಷ ಯಾಕೆ ಸಾರ್?" ಮೇಷ್ಟ್ರು ಕೇಳಿದರು.

"ಹೆಚ್ಚಾಗ್ತಿದೀವಿ ಅನ್ನೋ ಸಂತೋಷ! ಭಾಗಾಕಾರ ಆಗಿದ್ರೆ ನಾನೂ ಕೇಳ್ತಿರಲಿಲ್ಲ."

ಮುಂದಿನ ಸರದಿ, ಎಲ್ಲರೂ ಹೀರೋ ಎಂದು ಕರೆಯುವ ಹುಡುಗನದು. ಅವನು ಓಡಿ ಬಂದು ಏಳನ್ನು ಬಾಚಿ ತಬ್ಬಿ, ಆಕಾಶ ನೋಡಿ, ಸಂತೋಷಕ್ಕೆ ಬಿಕ್ಕುತ್ತಾ "ಐವತ್ತೆರಡು!" ಅಂದ. ಹೆಡ್‌ಮೇಡಂ ಕಣ್ಣೊರೆಸಿಕೊಂಡರು. ಹೀರೋಗೆ ಪೂರ್ಣಾಂಕ ಬಂತು. ಪಟಪಟಿ ಅದೇ ತರಗತಿಯಲ್ಲಿ ಉಳಿಯತಕ್ಕದ್ದೆಂದು ತೀರ್ಮಾನವಾಯಿತು.

ಮಾರನೆಯ ದಿನ ಅವಳ ತಾಯಿ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಅಧಿಕಾರಿಗಳ ಮುಂದೆ ಬಂದು ನಿಂತರು.

"ಸಾರ್, ಏಳೆಂಟ್ಲ ಎಷ್ಟು?"

"ಯಾವ ಮಾದರೀಲಮ್ಮಾ?"

"ನನ್ನ ಮಾದರೀಲಿ. ಏಳು ಅಂಗಿ, ಒಂದೊಂದಕ್ಕೆ ಎಂಟು ಗುಂಡಿ. ಐವತ್ತೆರಡೇ ತಂದ್ರೆ ಯಾವನೋ ಒಬ್ಬ ಹೊಕ್ಕುಳು ತೋರಿಸ್ಕೊಂಡು ಓಡಾಡಬೇಕಾಗುತ್ತೆ."

"ಅದು ಪ್ರಾಯೋಗಿಕ ಮಾದರಿ. ಅದಕ್ಕಿನ್ನೂ ಮಂಜೂರಾತಿ ಬಂದಿಲ್ಲ."

"ಹಾಗಾದ್ರೆ ನನ್ನ ಮಗಳು ತಪ್ಪು ಹೇಳಿದ್ಲಾ?"

"ಛೆ ಛೆ, ಉತ್ತರ ಸರಿಯೇ. ಆದ್ರೆ ಸರಿ ಉತ್ತರ ಒಂದನ್ನೇ ನೆಚ್ಚಿಕೊಂಡು ಎಷ್ಟು ದಿನ ಅಂತ ಇರ್ತಾಳೆ?"

ಆದರೂ ಅಧಿಕಾರಿಗಳು ಕಲ್ಲೆದೆಯವರಲ್ಲ. ಒಂದು ಸಮಿತಿ ಮಾಡಿದರು. ಸಮಿತಿಯು ದೀರ್ಘವಾಗಿ ಚರ್ಚಿಸಿ, ಏಳೆಂಟ್ಲ ಬರಹದಲ್ಲಿ ಐವತ್ತಾರು, ಅಭಿನಯದಲ್ಲಿ ಐವತ್ತೆರಡು, ಜೇಡಿಮಣ್ಣಿನಲ್ಲಿ ಮಣ್ಣು ಸಾಲುವಷ್ಟು ಎಂದು ತೀರ್ಪಿತ್ತು. ಪಟಪಟಿಗೆ ಮರುಪರೀಕ್ಷೆ ಕೊಡಲೂ ಒಪ್ಪಿತು.

ಆಮೇಲೆ ತಾಯಿ ಹೊಲಿಗೆ ಯಂತ್ರ ತುಳಿಯುತ್ತಲೇ ಮಗಳಿಗೆ ಅಳುವುದನ್ನು ಅಭ್ಯಾಸ ಮಾಡಿಸಿದರು.

"ಅಮ್ಮಾ, ಅಳು ಬರ್ತಿಲ್ಲ."

"ಇದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂತ್ಕೋಬೇಕು ಅಂತ ನೆನೆಸ್ಕೋ."

ಬಂತು. ಸುಳ್ಳು ಅಳುವಲ್ಲ. ಮೂಗು ಕೆಂಪಾಗಿ, ಬಿಕ್ಕಳಿಕೆ ಹತ್ತಿ, ಕೊನೆಗೆ ತಾಯಿಯೇ ಯಂತ್ರ ನಿಲ್ಲಿಸಿ ಮಗಳನ್ನು ಮಡಿಲಿಗೆ ಎಳೆದುಕೊಳ್ಳಬೇಕಾಯಿತು.

"ಅಮ್ಮಾ, ಆದ್ರೆ ಐವತ್ತಾರೇ ಅಲ್ವಾ?"

"ಹೌದು ಕಂದಾ. ಮನೇಲಿ ಐವತ್ತಾರೇ. ಹೊರಗೆ ಹೇಳ್ಬೇಡ."

ಮರುಪರೀಕ್ಷೆಯಲ್ಲಿ ಪಟಪಟಿ ಏಳರ ಕಾಲಿಗೆ ಬಿದ್ದು ಹೊರಳಾಡಿ "ಐವತ್ತೆರಡು" ಎಂದು ಚೀರಿದಳು. ಏಳಾಗಿದ್ದ ಹುಡುಗ ಹೆದರಿ ತಾನೂ ಅತ್ತ. ಅದನ್ನು ಗುಂಪು ಚಟುವಟಿಕೆ ಎಂದು ಪರಿಗಣಿಸಿ ಇಬ್ಬರನ್ನೂ ಪಾಸು ಮಾಡಲಾಯಿತು.

ಇದೆಲ್ಲ ನಡೆಯುವಾಗ ಮಗ್ಗಿ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ತಲೆಯ ಮೇಲೆ ಕೈ ಹೊತ್ತು, ಮೊಣಕಾಲಿಗೆ ಗದ್ದ ತಾಗುವ ಹಾಗೆ ಮುದುರಿ ಕೂತಿದ್ದರು. ಅಧಿಕಾರಿಗಳ ಕಣ್ಣು ಅತ್ತ ಹೋಯಿತು.

"ಏನ್ ಮಾಡ್ತಿದೀರಿ ಮೇಷ್ಟ್ರೇ?"

ಮೇಷ್ಟ್ರು ಇನ್ನಷ್ಟು ಮುದುರಿದರು.

ಅಧಿಕಾರಿಗಳು ಸುತ್ತ ಬಂದು ನೋಡಿದರು. ಬಾಗಿದ ಬೆನ್ನು, ಮಡಚಿದ ಕಾಲು, ಒಳಗೆ ಏನೂ ಉಳಿದಿಲ್ಲದ ಮುಖ.

"ಸೊನ್ನೆ!" ಎಂದು ಉದ್ಗರಿಸಿದರು. "ನನ್ನ ಸರ್ವೀಸಿನಲ್ಲೇ ಇಂಥಾ ಸೊನ್ನೆ ನೋಡಿಲ್ಲ!"

ಮೇಷ್ಟ್ರಿಗೆ ಬಡ್ತಿ ಬಂತು. ಈಗ ಅವರು ಪಾಠ ಮಾಡುವುದಿಲ್ಲ. ಮಾದರಿಗಳು ಹೆಚ್ಚಿದ್ದರಿಂದ ಪಾಠಕ್ಕೆ ಬಿಡುವೂ ಇಲ್ಲ, ಪಾಠ ಇಲ್ಲದ್ದರಿಂದ ಫಲಿತಾಂಶವೂ ನೂರಕ್ಕೆ ನೂರು. ಹೆತ್ತವರು ಸಂತೃಪ್ತರು. ಮೇಷ್ಟ್ರನ್ನು ಊರೂರಿನ ತರಬೇತಿ ಶಿಬಿರಗಳಿಗೆ ಕರೆದೊಯ್ದು ವೇದಿಕೆಯ ಮೇಲೆ ಕೂರಿಸುತ್ತಾರೆ. ಅವರು ಮುದುರಿಕೊಳ್ಳುತ್ತಾರೆ. ಶಿಕ್ಷಕರು ಬರೆದುಕೊಳ್ಳುತ್ತಾರೆ.

ಹೋದ ಶಿಬಿರದಲ್ಲಿ ಹೊಸದಾಗಿ ಸೇರಿದ ಶಿಕ್ಷಕಿಯೊಬ್ಬರು ಎದ್ದು ನಿಂತು, "ಸಾರ್, ಅಷ್ಟೊಂದು ಸಂಕಟ ಮುಖದಲ್ಲಿ ಹೇಗೆ ತರ್ತೀರಿ?" ಎಂದು ಕೇಳಿದರು.

ಮೇಷ್ಟ್ರು ತಲೆಯೆತ್ತಿ, ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿದರು.

ಅದಕ್ಕೂ ಚಪ್ಪಾಳೆ ಬಿತ್ತು.